4ಕೆ ಪರದೆಯಲ್ಲಿ ಫೋಲ್ಡರ್ ಐಕಾನ್‌ಗಳು: ಗಾತ್ರ ಸರಿಮಾಡಿದರೆ ಅಂತರ ಕೆಡುತ್ತದೆ, ದಾರಿ ಇದೆಯೇ?

ಚಿತ್ರಸಂಚಿ

27 ಅಂಗುಲದ 4ಕೆ ಮಾನಿಟರ್‌ಗೆ ಬದಲಾಗಿದ್ದೇನೆ. ಅಕ್ಷರಗಳು ಅಚ್ಚು ಹಾಕಿದಂತೆ ಕಾಣುತ್ತವೆ, ಅದರಲ್ಲಿ ಎರಡು ಮಾತಿಲ್ಲ. ತಲೆನೋವು ಶುರುವಾಗುವುದು ಫೋಲ್ಡರ್ ತೆರೆದಾಗ. ವಿಂಡೋಸ್ 11, ಸ್ಕೇಲಿಂಗ್ (ಪರದೆಯ ಮೇಲಿನದ್ದನ್ನೆಲ್ಲ ಹಿಗ್ಗಿಸುವ ಪ್ರಮಾಣ) ಶೇ 150. ಐಕಾನ್ ಮಧ್ಯಮ ಗಾತ್ರದಲ್ಲಿದ್ದರೆ ಫೋಟೋದಲ್ಲಿ ಯಾರಿದ್ದಾರೆ ಎಂದು ಗುರುತು ಸಿಗುವುದಿಲ್ಲ. ದೊಡ್ಡದು ಮಾಡಿದರೆ ಗುರುತು ಸಿಗುತ್ತದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಖಾಲಿ ಬೀಳುತ್ತದೆಂದರೆ ಪರದೆಯ ಕಾಲು ಭಾಗ ಬರಿದೇ ಹೋದಂತೆ ಅನ್ನಿಸುತ್ತದೆ.

ಪಿಕ್ಸೆಲ್ ಸಂಖ್ಯೆ ಹಳೆಯ ಫುಲ್ ಎಚ್‌ಡಿ ಪರದೆಯ ನಾಲ್ಕು ಪಟ್ಟು. ಒಂದು ನೋಟಕ್ಕೆ ಸಿಗುವ ಕಡತಗಳು ಅದರ ಹತ್ತಿರವೂ ಇಲ್ಲ. ಗಾತ್ರವನ್ನೂ ಅಂತರವನ್ನೂ ಬೇರೆ ಬೇರೆಯಾಗಿ ಹೊಂದಿಸಲು ದಾರಿ ಇದೆಯೇ? ಬಲ್ಲವರು ತಿಳಿಸಿ.

ಕೀಲಿಮಣೆ

ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಮೌಸ್ ಚಕ್ರ ತಿರುಗಿಸಿ. ಮಧ್ಯಮ, ದೊಡ್ಡದು ಎಂಬ ಹೆಸರಿನ ಗಾತ್ರಗಳ ನಡುವಿನವೂ ಸಿಗುತ್ತವೆ.

ಚಿತ್ರಸಂಚಿ

@ಕೀಲಿಮಣೆ, ಅದು ಗೊತ್ತಿದೆ. ಗಾತ್ರ ಬದಲಾಗುತ್ತದೆ, ಅಂತರವೂ ಅದರ ಹಿಂದೆಯೇ ಬರುತ್ತದೆ. ನನಗೆ ಬೇಕಾದದ್ದು ಅಂತರವೊಂದನ್ನೇ ಕಡಿಮೆ ಮಾಡುವುದು.

ಅಂಗುಲಲೆಕ್ಕ

ಮೊದಲು ಸ್ಕೇಲಿಂಗ್ ನೋಡಿ, ಐಕಾನ್ ಆಮೇಲೆ. ಎರಡನ್ನೂ ಒಟ್ಟಿಗೆ ಎಳೆದಾಡುವುದರಿಂದಲೇ ಅರ್ಧ ಗೊಂದಲ.

24 ಅಂಗುಲದ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಅಂಗುಲಕ್ಕೆ ಸುಮಾರು 92 ಪಿಕ್ಸೆಲ್. 27 ಅಂಗುಲದ 4ಕೆ ಪರದೆಯಲ್ಲಿ ಸುಮಾರು 163. ವಿಂಡೋಸ್‌ನ ಮಧ್ಯಮ ಐಕಾನ್ ಎಂದರೆ 48 ಪಿಕ್ಸೆಲ್. ಹಳೆಯ ಪರದೆಯಲ್ಲಿ ಅದು 13 ಮಿಲಿಮೀಟರ್‌ಗಿಂತ ತುಸು ಹೆಚ್ಚು ಅಗಲ. ಹೊಸದರಲ್ಲಿ ಸ್ಕೇಲಿಂಗ್ ಇಲ್ಲದೆ ನೋಡಿದರೆ ಏಳೂವರೆ ಮಿಲಿಮೀಟರ್ ಮಾತ್ರ. ಶೇ 150 ಇಟ್ಟಾಗ 72 ಪಿಕ್ಸೆಲ್, ಅಂದರೆ ಸುಮಾರು 11 ಮಿಲಿಮೀಟರ್. ನಿಮ್ಮ ಕಣ್ಣು 13ಕ್ಕೆ ಹೊಂದಿಕೊಂಡಿದೆ, ಆದ್ದರಿಂದಲೇ ಮಧ್ಯಮ ಐಕಾನ್ ಚಿಕ್ಕದೆನಿಸಿ ನೀವು ನೇರವಾಗಿ ದೊಡ್ಡದಕ್ಕೆ ಹಾರುತ್ತಿದ್ದೀರಿ. ಶೇ 175 ಇಟ್ಟು ನೋಡಿ, ಹಳೆಯ ಅಳತೆಯೇ ಬಹುತೇಕ ವಾಪಸ್ ಬರುತ್ತದೆ.

ಪಟ್ಟಿಪ್ರಿಯ

ಇಷ್ಟೆಲ್ಲ ಲೆಕ್ಕ ಯಾಕೆ? ಡೀಟೇಲ್ಸ್ ನೋಟ ಇಟ್ಟುಕೊಳ್ಳಿ. ಕಂಟ್ರೋಲ್, ಶಿಫ್ಟ್ ಮತ್ತು 6 ಒತ್ತಿದರೆ ಮುಗಿಯಿತು. ಹೆಸರು, ದಿನಾಂಕ, ಗಾತ್ರ ಎಲ್ಲವೂ ಸಾಲಾಗಿ ಕಾಣುತ್ತವೆ. ವಿಂಡೋಸ್ 11ರಲ್ಲಿ ಸಾಲುಗಳ ನಡುವಿನ ಅಂತರ ಹಿಂದಿನದಕ್ಕಿಂತ ಹೆಚ್ಚಿದೆ, ಅದು ನಿಜ. ಅದಕ್ಕೂ ಮದ್ದಿದೆ: ಮೇಲಿನ ‘ವ್ಯೂ’ ಮೆನುವಿನಲ್ಲಿ ‘ಕಾಂಪ್ಯಾಕ್ಟ್ ವ್ಯೂ’ ಆರಿಸಿ. ಸಾಲುಗಳು ಒತ್ತೊತ್ತಾಗಿ ಕೂರುತ್ತವೆ. ಐಕಾನ್ ನೋಟ ಎಂಬುದೇ ಜಾಗ ಹಾಳುಮಾಡುವ ಏರ್ಪಾಡು.

ಚಿತ್ರಸಂಚಿ

@ಪಟ್ಟಿಪ್ರಿಯ, ಕ್ಯಾಮೆರಾದಿಂದ ಬಂದ ಕಡತಗಳ ಹೆಸರೆಲ್ಲ ಅಂಕಿಗಳೇ. ಪಟ್ಟಿಯಲ್ಲಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಕೊನೆಯ ಅಂಕಿಯ ವ್ಯತ್ಯಾಸ ಮಾತ್ರ. ಚಿತ್ರ ನೋಡದೆ ಯಾವುದು ಬೇಕು ಎಂದು ಹೇಗೆ ಹೇಳಲಿ?

ಪಟ್ಟಿಪ್ರಿಯ

ಪಟ್ಟಿಯ ಪಕ್ಕದಲ್ಲಿ ‘ಪ್ರಿವ್ಯೂ ಪೇನ್’ ತೆರೆದಿಡಿ. ಬಾಣದ ಕೀಲಿ ಒತ್ತುತ್ತಾ ಹೋದರೆ ಒಂದೊಂದೇ ಚಿತ್ರ ದೊಡ್ಡದಾಗಿ ಬಲಬದಿಯಲ್ಲಿ ಕಾಣುತ್ತದೆ.

ನೆರಳುಬೆಳಕು

@ಪಟ್ಟಿಪ್ರಿಯ, ಒಂದೊಂದೇ ನೋಡುವುದು ಬೇರೆ, ನೂರನ್ನು ಒಟ್ಟಿಗೆ ಹರಡಿ ನೋಡುವುದು ಬೇರೆ. ಒಂದೇ ಸನ್ನಿವೇಶದ ಹತ್ತು ಫೋಟೋಗಳಲ್ಲಿ ಯಾವುದು ಚೆನ್ನಾಗಿ ಬಂದಿದೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಕಡತವನ್ನು ಹೆಸರಿನಿಂದ ಹುಡುಕುವವರ ಅಭ್ಯಾಸವನ್ನು ಕಣ್ಣಿನಿಂದ ಹುಡುಕುವವರ ಮೇಲೆ ಹೇರಬೇಡಿ.

ಇನ್ನು ಮೂಲ ಪ್ರಶ್ನೆಗೆ. ನೀವು ಅಂತರ ಎಂದು ನೋಡುತ್ತಿರುವುದರಲ್ಲಿ ಬಹುಪಾಲು ಅಂತರವೇ ಅಲ್ಲ. ಪ್ರತಿಯೊಂದು ಥಂಬ್‌ನೇಲ್‌ಗೂ, ಅಂದರೆ ಕಡತದ ಪುಟ್ಟ ಚಿತ್ರಕ್ಕೂ, ಫೋಲ್ಡರ್ ಒಂದು ಚೌಕ ಮೀಸಲಿಡುತ್ತದೆ. ಫೋಟೋ ಚೌಕವಾಗಿರುವುದಿಲ್ಲ. ಅತಿ ದೊಡ್ಡ ಐಕಾನ್‌ನ 256 ಪಿಕ್ಸೆಲ್ ಚೌಕವನ್ನೇ ತೆಗೆದುಕೊಳ್ಳಿ. ಮೊಬೈಲ್ ನೆಟ್ಟಗೆ ಹಿಡಿದು 16:9 ಅಳತೆಯಲ್ಲಿ ತೆಗೆದ ಚಿತ್ರ ಅದರೊಳಗೆ 144 ಪಿಕ್ಸೆಲ್ ಅಗಲ ಮಾತ್ರ ತುಂಬುತ್ತದೆ. ಉಳಿದ 112 ಪಿಕ್ಸೆಲ್ ಎರಡು ಬದಿಯಲ್ಲಿ ಖಾಲಿ. ಕ್ಯಾಮೆರಾದ 3:2 ಅಳತೆಯ ಅಡ್ಡ ಚಿತ್ರವಾದರೆ ಎತ್ತರ ಸುಮಾರು 171, ಮೇಲೆ ಕೆಳಗೆ ಸೇರಿ 85 ಖಾಲಿ. ಅಂತರವನ್ನು ಸೊನ್ನೆ ಮಾಡಿದರೂ ಈ ಖಾಲಿ ಜಾಗ ಹೋಗುವುದಿಲ್ಲ.

ಫೋಟೋ ನೋಡುವುದಕ್ಕೇ ಆದರೆ ವಿಂಡೋಸ್ 11ರ ‘ಫೋಟೋಸ್’ ತಂತ್ರಾಂಶದಲ್ಲಿ ‘ರಿವರ್’ ಎಂಬ ಜೋಡಣೆ ಇದೆ. ಅಲ್ಲಿ ಚಿತ್ರಗಳು ತಮ್ಮ ಆಕಾರದಲ್ಲೇ ಸಾಲಾಗಿ ಸೇರಿಕೊಳ್ಳುತ್ತವೆ, ಚೌಕದ ಹಂಗಿಲ್ಲ. ಆರಿಸುವ ಕೆಲಸ ಅಲ್ಲಿ ಮಾಡಿ, ನಕಲಿಸುವ ಕೆಲಸ ಫೋಲ್ಡರ್‌ನಲ್ಲಿ ಮಾಡಿ.

ಚಿತ್ರಸಂಚಿ

@ನೆರಳುಬೆಳಕು, ಈ ಚೌಕದ ವಿಷಯ ನನಗೆ ಹೊಳೆದೇ ಇರಲಿಲ್ಲ. ಈಗ ಫೋಲ್ಡರ್ ತೆರೆದು ನೋಡಿದೆ, ಅಡ್ಡ ಚಿತ್ರಗಳು ಅಕ್ಕಪಕ್ಕ ಹತ್ತಿರವೇ ಇವೆ, ನೆಟ್ಟಗಿನವುಗಳ ನಡುವೆಯೇ ದೊಡ್ಡ ಕಂದಕ.

ಹಳೆಪರದೆ

ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡೆ, ಅಂತರ ಬದಲಿಸಬಹುದು. ‘ಕರೆಂಟ್ ಯೂಸರ್’ ಕೆಳಗೆ ‘ಕಂಟ್ರೋಲ್ ಪ್ಯಾನೆಲ್’, ಅದರೊಳಗೆ ‘ಡೆಸ್ಕ್‌ಟಾಪ್’, ಅದರೊಳಗೆ ‘ವಿಂಡೋಮೆಟ್ರಿಕ್ಸ್’. ಅಲ್ಲಿ ‘ಐಕಾನ್‌ಸ್ಪೇಸಿಂಗ್’ ಮತ್ತು ‘ಐಕಾನ್‌ವರ್ಟಿಕಲ್‌ಸ್ಪೇಸಿಂಗ್’ ಎಂದು ಎರಡು ಬೆಲೆಗಳಿವೆ. ಸಾಮಾನ್ಯವಾಗಿ -1125 ಇರುತ್ತದೆ. ಅದನ್ನು -900 ಮಾಡಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ವಿಂಡೋಸ್ 7ರವರೆಗೆ ಇದಕ್ಕೊಂದು ಕಿಟಕಿಯೇ ಇತ್ತು, ಅಂಕಿ ಬದಲಿಸಿ ಸರಿ ಎಂದು ಒತ್ತಿದರೆ ಸಾಕಾಗುತ್ತಿತ್ತು. ವಿಂಡೋಸ್ 8ರಲ್ಲಿ ಅದನ್ನು ತೆಗೆದರು. ಬಳಸುವವನ ಕೈಯಲ್ಲಿದ್ದ ಒಂದು ಸೌಲಭ್ಯವನ್ನು ಕಾರಣ ಹೇಳದೆ ಕಿತ್ತುಕೊಂಡದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಅಂಗುಲಲೆಕ್ಕ

@ಹಳೆಪರದೆ, ನಿಲ್ಲಿ. ಆ ಬೆಲೆಗಳು ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳಿಗೆ. ಈಗಿನ ವಿಂಡೋಸ್‌ನಲ್ಲಿ ಫೋಲ್ಡರ್ ಒಳಗಿನ ಜೋಡಣೆ ಅದಕ್ಕೆ ಬಗ್ಗುವುದಿಲ್ಲ. ಪ್ರಶ್ನೆ ಕೇಳಿದವರು ಅದನ್ನು ಬದಲಿಸಿ, ಫೋಲ್ಡರ್ ತೆರೆದು, ಏನೂ ಆಗಲಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಅಂದಹಾಗೆ -1125 ಎಲ್ಲಿಂದ ಬಂತು ಎಂದು ಕೇಳುವವರಿಗೆ: ಅದು ಪಿಕ್ಸೆಲ್ ಅಲ್ಲ. ಒಂದು ಅಂಗುಲವನ್ನು 1440 ಭಾಗ ಮಾಡಿದ ಅಳತೆ ಅದು. ವಿಂಡೋಸ್ ಅಂಗುಲಕ್ಕೆ 96 ಪಿಕ್ಸೆಲ್ ಎಂದು ಹಿಡಿಯುವುದರಿಂದ ಒಂದು ಪಿಕ್ಸೆಲ್‌ಗೆ 15 ಭಾಗ. 75 ಪಿಕ್ಸೆಲ್ ಗುಣಿಸು 15, ಹಿಂದೆ ಒಂದು ಋಣ ಚಿಹ್ನೆ. -480ರಿಂದ -2730ರವರೆಗೆ, ಅಂದರೆ 32ರಿಂದ 182 ಪಿಕ್ಸೆಲ್‌ವರೆಗೆ ಹೋಗಬಹುದು.

ಹಳೆಪರದೆ

ಡೆಸ್ಕ್‌ಟಾಪ್ ಕೂಡ ಒಂದು ಫೋಲ್ಡರೇ ತಾನೇ? ಅಲ್ಲಿಯೂ ಇದೇ ತೊಂದರೆ ಇರುವವರು ಈ ಚರ್ಚೆ ಓದುತ್ತಾರೆ. ಹೇಳಿಟ್ಟರೆ ನಷ್ಟವಿಲ್ಲ. ಬದಲಿಸುವ ಮೊದಲು ಹಳೆಯ ಅಂಕಿಯನ್ನು ಬರೆದಿಟ್ಟುಕೊಳ್ಳಿ ಎಂದಷ್ಟೇ ಸೇರಿಸುತ್ತೇನೆ.

ಸೇಬುತೋಟ

ಮ್ಯಾಕ್ ಬಳಸುವವರಿಗೆ ಈ ಪಾಡಿಲ್ಲ. ಅಲ್ಲಿ ಫೋಲ್ಡರ್‌ಗಳನ್ನು ತೋರಿಸುವ ಫೈಂಡರ್‌ನಲ್ಲಿ ಕಮಾಂಡ್ ಮತ್ತು ಜೆ ಒತ್ತಿದರೆ ಒಂದು ಪುಟ್ಟ ಫಲಕ ತೆರೆದುಕೊಳ್ಳುತ್ತದೆ. ಐಕಾನ್ ಗಾತ್ರಕ್ಕೆ ಒಂದು ಸ್ಲೈಡರ್, 16ರಿಂದ 512ರವರೆಗೆ. ಅದರ ಕೆಳಗೇ ಅಂತರಕ್ಕೆ ಬೇರೆಯೇ ಸ್ಲೈಡರ್, ‘ಗ್ರಿಡ್ ಸ್ಪೇಸಿಂಗ್’ ಎಂದು. ಅಕ್ಷರದ ಗಾತ್ರ 10ರಿಂದ 16. ಹೆಸರು ಐಕಾನ್‌ನ ಕೆಳಗಿರಬೇಕೋ ಬಲಕ್ಕಿರಬೇಕೋ ಅದನ್ನೂ ನೀವೇ ಹೇಳಬಹುದು. ಹೊಂದಿಸಿದ ಮೇಲೆ ‘ಯೂಸ್ ಆ್ಯಸ್ ಡಿಫಾಲ್ಟ್ಸ್’ ಒತ್ತಲು ಮರೆಯಬೇಡಿ, ಇಲ್ಲದಿದ್ದರೆ ಆ ಒಂದು ಫೋಲ್ಡರ್‌ಗೆ ಮಾತ್ರ ಅನ್ವಯವಾಗುತ್ತದೆ.

2012ರಲ್ಲಿ ರೆಟಿನಾ (ಪಿಕ್ಸೆಲ್ ಒತ್ತೊತ್ತಾಗಿರುವ) ಪರದೆಯ ಮ್ಯಾಕ್‌ಬುಕ್ ಪ್ರೊ ಬಂದಾಗಿನಿಂದ ಅಲ್ಲಿ ಲೆಕ್ಕ ಸುಲಭ: ಪ್ರತಿ ಐಕಾನ್‌ಗೂ ಎರಡು ಪಟ್ಟು ಸೂಕ್ಷ್ಮವಾದ ಇನ್ನೊಂದು ಪ್ರತಿ. ಹಾಗಾಗಿಯೇ 512ರ ಐಕಾನ್‌ಗೆ 1024 ಪಿಕ್ಸೆಲ್‌ನ ಚಿತ್ರ ಬೇಕಾಗುತ್ತದೆ.

ಕೀಲಿಮಣೆ

@ಸೇಬುತೋಟ, ಅಂತರದ ಸ್ಲೈಡರ್ ಮೇಲೆ ಅಂಕಿ ಇಲ್ಲವಲ್ಲ! ಎರಡು ಫೋಲ್ಡರ್‌ಗಳನ್ನು ಒಂದೇ ರೀತಿ ಇಡಬೇಕಾದರೆ ಕಣ್ಣಂದಾಜೇ ಗತಿ. ಮೇಲಾಗಿ ಪ್ರತಿ ಫೋಲ್ಡರ್‌ನ ನೋಟವನ್ನೂ ‘ಡಿಎಸ್ ಸ್ಟೋರ್’ ಎಂಬ ಅಡಗಿದ ಕಡತದಲ್ಲಿ ಬರೆದಿಡುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿ ಬೇರೆ ಕಂಪ್ಯೂಟರ್‌ಗೆ ಕೊಟ್ಟರೆ ಅವರಿಗೆ ಆ ಕಡತಗಳೂ ಉಡುಗೊರೆ.

ಸೇಬುತೋಟ

ಅಂಕಿ ಇಲ್ಲ, ಒಪ್ಪುತ್ತೇನೆ. ಆದರೆ ಸ್ಲೈಡರ್ ಆದರೂ ಇದೆಯಲ್ಲ. ಇಲ್ಲಿ ಇಷ್ಟು ಹೊತ್ತಿನಿಂದ ಎಲ್ಲರೂ ಹುಡುಕುತ್ತಿರುವುದು ಅದನ್ನೇ.

ತೆರೆದಬಾಗಿಲು

ಲಿನಕ್ಸ್ ಕಡೆಯಿಂದ ಒಂದು ಮಾತು. ಕೆಡಿಇ ಎಂಬ ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರ್ ತೋರಿಸುವ ಡಾಲ್ಫಿನ್‌ನಲ್ಲಿ ಕೆಳಪಟ್ಟಿಯಲ್ಲೇ ಗಾತ್ರದ ಸ್ಲೈಡರ್ ಇದೆ. ಅದಕ್ಕಿಂತ ಮುಖ್ಯವಾದದ್ದು ಸೆಟ್ಟಿಂಗ್ಸ್ ಒಳಗಿನ ‘ಲೇಬಲ್ ವಿಡ್ತ್’. ಐಕಾನ್‌ಗಳ ನಡುವಿನ ಅಡ್ಡ ಅಂತರವನ್ನು ನಿಜವಾಗಿ ತೀರ್ಮಾನಿಸುವುದು ಹೆಸರಿಗೆ ಎಷ್ಟು ಅಗಲ ಕೊಟ್ಟಿದ್ದೇವೆ ಎಂಬುದು. ಅಗಲ ಕಡಿಮೆ ಮಾಡಿದರೆ ಐಕಾನ್‌ಗಳು ಹತ್ತಿರ ಬರುತ್ತವೆ, ಹೆಸರು ಎರಡು ಮೂರು ಸಾಲಿಗೆ ಇಳಿಯುತ್ತದೆ. ಎಷ್ಟು ಸಾಲಿನವರೆಗೆ ಇಳಿಯಬಹುದು ಎಂಬುದನ್ನೂ ಅಲ್ಲೇ ನಿಗದಿ ಮಾಡಬಹುದು. ಚಿಕ್ಕ ಹೆಸರುಗಳಿರುವ ಫೋಲ್ಡರ್‌ಗೆ ಕಡಿಮೆ ಅಗಲ, ಉದ್ದ ಹೆಸರುಗಳಿಗೆ ಹೆಚ್ಚು.

ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್‌ನ ಫೈಲ್ಸ್‌ನಲ್ಲಿ ಕಂಟ್ರೋಲ್ ಜೊತೆ ಕೂಡು, ಕಳೆ ಒತ್ತಿ ಗಾತ್ರ ಬದಲಿಸಬಹುದು, ಅಂತರಕ್ಕೆ ಮಾತ್ರ ಅಲ್ಲಿ ಗುಂಡಿ ಇಲ್ಲ.

ಒತ್ತಕ್ಷರ

@ತೆರೆದಬಾಗಿಲು, ಹೆಸರಿನ ಅಗಲದ ಮಾತು ಬಂದದ್ದು ಒಳ್ಳೆಯದಾಯಿತು. ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವವರ ಕಷ್ಟವನ್ನು ಇಲ್ಲಿ ಯಾರೂ ಎತ್ತಲಿಲ್ಲ. ನಮ್ಮ ಅಕ್ಷರ ಅಗಲವೂ ಹೌದು, ಕೆಳಗೆ ಒತ್ತು ಇಳಿದಾಗ ಎತ್ತರವೂ ಹೌದು. ‘ರಾಷ್ಟ್ರೀಯ’ ಎಂದು ಬರೆದ ಫೋಲ್ಡರ್ ಹೆಸರನ್ನು ಚಿಕ್ಕ ಗಾತ್ರದಲ್ಲಿ ನೋಡಿ. ಷ ಕೆಳಗಿನ ಟ ಒತ್ತು, ಅದರ ಪಕ್ಕದ ರ ಒತ್ತು ಎರಡೂ ಸೇರಿ ಒಂದು ಮಸಿಯ ಚುಕ್ಕೆಯಾಗಿರುತ್ತವೆ. 4ಕೆ ಪರದೆಯಲ್ಲಿ ಆ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ. ನನ್ನ ಮಟ್ಟಿಗೆ ಹೆಚ್ಚು ರೆಸಲ್ಯೂಶನ್‌ನ ದೊಡ್ಡ ಲಾಭ ಅದೇ. ಆದರೆ ಪರದೆಯ ಲಾಭವನ್ನೆಲ್ಲ ಐಕಾನ್‌ಗೆ ಕೊಟ್ಟು ಅಕ್ಷರವನ್ನು ಚಿಕ್ಕದಾಗಿಯೇ ಬಿಟ್ಟರೆ ಅದೂ ಹೋಯಿತು.

ವಿಂಡೋಸ್ 11ರಲ್ಲಿ ‘ಆ್ಯಕ್ಸೆಸಿಬಿಲಿಟಿ’ ಒಳಗೆ ‘ಟೆಕ್ಸ್ಟ್ ಸೈಜ್’ ಇದೆ. ಶೇ 100ರಿಂದ 225ರವರೆಗೆ ಅಕ್ಷರವನ್ನು ಮಾತ್ರ ಹಿಗ್ಗಿಸಬಹುದು. ನಾನು 115ರ ಸುಮಾರಿಗೆ ಇಟ್ಟಿದ್ದೇನೆ, ಹೆಸರುಗಳು ಹಾಯಾಗಿ ಓದಲು ಬರುತ್ತವೆ.

ಇನ್ನೊಂದು: ಅಂತರ ಕಡಿಮೆ ಮಾಡಿದಷ್ಟೂ ಹೆಸರು ತುಂಡಾಗಿ ಕೊನೆಯಲ್ಲಿ ಮೂರು ಚುಕ್ಕೆ ಬೀಳುತ್ತದೆ. ‘ವಾರ್ಷಿಕ ಸಭೆಯ ನಡಾವಳಿ 2023’, ‘ವಾರ್ಷಿಕ ಸಭೆಯ ನಡಾವಳಿ 2024’ ಎಂದು ಹೆಸರಿಟ್ಟರೆ ಎರಡೂ ಒಂದೇ ರೀತಿ ಕಾಣುತ್ತವೆ. ವರ್ಷವನ್ನು ಮುಂದಕ್ಕೆ ತನ್ನಿ.

ಸೇಬುತೋಟ

@ಒತ್ತಕ್ಷರ, ಫೈಂಡರ್ ಹೆಸರಿನ ನಡುಭಾಗವನ್ನು ನುಂಗಿ ಮೊದಲು ಮತ್ತು ಕೊನೆ ಎರಡನ್ನೂ ತೋರಿಸುತ್ತದೆ. ವರ್ಷ ಕೊನೆಯಲ್ಲಿದ್ದರೂ ತೊಂದರೆಯಿಲ್ಲ.

ಒತ್ತಕ್ಷರ

ಒಳ್ಳೆಯ ಏರ್ಪಾಡು. ಆದರೂ ವರ್ಷ ಮೊದಲಿದ್ದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲಾನುಕ್ರಮವೂ ತಾನಾಗಿ ಬರುತ್ತದೆ. ಎಲ್ಲ ಕಂಪ್ಯೂಟರ್‌ಗಳಲ್ಲೂ ನಡೆಯುವ ಉಪಾಯ ಅದು.

ಪಟ್ಟಿಪ್ರಿಯ

ನೋಡಿದಿರಾ, ಕೊನೆಗೆ ಎಲ್ಲರೂ ಹೆಸರಿಗೇ ಬಂದಿರಿ. ಪಟ್ಟಿ ನೋಟದಲ್ಲಿ ಹೆಸರು ತುಂಡಾಗುವುದಿಲ್ಲ, ಕಾಲಂ ಅಗಲ ಎಳೆದರೆ ಸಾಕು.

ಬೆರಳಚ್ಚು

ಅಂತರವೆಲ್ಲ ಹಾಳು ಎಂಬಂತೆ ಮಾತನಾಡುತ್ತಿದ್ದೀರಿ. ನಾನು ಬಳಸುವುದು ಬೆರಳಿನಿಂದ ಮುಟ್ಟುವ ಪರದೆಯ ಲ್ಯಾಪ್‌ಟಾಪ್, 15.6 ಅಂಗುಲ, 4ಕೆ. ಅಂಗುಲಕ್ಕೆ ಸುಮಾರು 282 ಪಿಕ್ಸೆಲ್. ಸಾಲುಗಳು ಒತ್ತೊತ್ತಾಗಿದ್ದರೆ ಒಂದು ಕಡತ ಮುಟ್ಟಲು ಹೋಗಿ ಪಕ್ಕದ್ದು ತೆರೆದುಕೊಳ್ಳುತ್ತದೆ. ವಿಂಡೋಸ್ 11ರ ಸಡಿಲ ಸಾಲುಗಳು ನನ್ನಂತಹವರಿಗೆ ನಿಜಕ್ಕೂ ಬೇಕಾದವು.

ವೆಬ್ ಪುಟಗಳಿಗೆ, ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2023ರಲ್ಲಿ ಹೊರಡಿಸಿದ 2.2 ಆವೃತ್ತಿಯ ಮಾರ್ಗಸೂಚಿಯಲ್ಲಿ, ಒತ್ತುವ ಗುರಿ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕು ಎಂದಿದೆ. ಗುರಿ ಅದಕ್ಕಿಂತ ಚಿಕ್ಕದಾಗಿದ್ದರೆ ಸುತ್ತ ಸಾಕಷ್ಟು ಅಂತರ ಇದ್ದರೂ ನಡೆಯುತ್ತದೆ ಎಂದೂ ಇದೆ. ಅಂದರೆ ಸುತ್ತಲಿನ ಖಾಲಿ ಜಾಗವೂ ಗುರಿಯ ಪಾಲೇ. ಅದು ವೆಬ್‌ಗೆ ಹೇಳಿದ್ದು, ಆದರೆ ಬೆರಳು ಅದೇ ಬೆರಳು. ಕೈ ನಡುಗುವವರಿಗೆ, ದೃಷ್ಟಿ ಮಂದವಾದವರಿಗೆ ಮೌಸ್‌ನಲ್ಲಿಯೂ ಇದೇ ಮಾತು.

ನೆರಳುಬೆಳಕು

@ಬೆರಳಚ್ಚು ಹೇಳಿದ್ದಕ್ಕೆ ನನ್ನ ಪೂರ್ಣ ಬೆಂಬಲ. ಮೌಸ್ ಬಳಸುವವರಿಗೂ ಖಾಲಿ ಜಾಗದ ಕೆಲಸವಿದೆ. ಹಲವು ಕಡತಗಳನ್ನು ಒಟ್ಟಿಗೆ ಆರಿಸಲು ಮೌಸ್ ಒತ್ತಿ ಎಳೆಯುತ್ತೇವಲ್ಲ, ಆ ಎಳೆತ ಶುರುವಾಗಬೇಕಾದದ್ದು ಖಾಲಿ ಜಾಗದಿಂದಲೇ. ಐಕಾನ್ ಮೇಲಿಂದ ಶುರುವಾದರೆ ಕಡತವೇ ಕದಲಿ ಇನ್ನೊಂದು ಫೋಲ್ಡರ್‌ಗೆ ಬೀಳುತ್ತದೆ. ಬಲಗುಂಡಿ ಒತ್ತಿ ‘ಪೇಸ್ಟ್’ ಮಾಡುವುದಕ್ಕೂ ಖಾಲಿ ಜಾಗ ಬೇಕು. ಒಂದಿಷ್ಟೂ ಸಂದು ಇಲ್ಲದ ಫೋಲ್ಡರ್‌ನಲ್ಲಿ ಮೌಸ್ ಊರಲು ಜಾಗ ಹುಡುಕಬೇಕಾಗುತ್ತದೆ.

ಕೀಲಿಮಣೆ

ಪೇಸ್ಟ್ ಮಾಡಲು ಕಂಟ್ರೋಲ್ ಮತ್ತು ವಿ ಇದೆ, ಜಾಗವೇ ಬೇಡ.

ಚಿತ್ರಸಂಚಿ

ನನ್ನ ಕಡೆಯಿಂದ ಇಲ್ಲಿಯವರೆಗಿನ ವರದಿ. ಸ್ಕೇಲಿಂಗ್ ಶೇ 175 ಮಾಡಿದೆ, ಮಧ್ಯಮ ಐಕಾನ್‌ಗಿಂತ ಚಕ್ರ ತುಸು ತಿರುಗಿಸಿ ಮೇಲಿನ ಗಾತ್ರ ಇಟ್ಟೆ. ಗುರುತು ಸಿಗುತ್ತದೆ, ಪರದೆಯೂ ತುಂಬಿದಂತಿದೆ. ಆದರೆ ಎರಡು ಹೊಸ ತೊಂದರೆ. ಒಂದು, ಎಡಪಟ್ಟಿಯ ಕೆಲವು ಚಿಕ್ಕ ಐಕಾನ್‌ಗಳು ಮಸುಕಾಗಿವೆ. ಎರಡು, ಒಂದು ಫೋಲ್ಡರ್‌ನಲ್ಲಿ ಇಟ್ಟ ಗಾತ್ರ ಇನ್ನೊಂದರಲ್ಲಿ ಇರುವುದಿಲ್ಲ.

ಅಂಗುಲಲೆಕ್ಕ

ಮಸುಕಿಗೆ ಕಾರಣ ಹೇಳುತ್ತೇನೆ. ಐಕಾನ್ ಕಡತದೊಳಗೆ ಕೆಲವು ನಿಗದಿತ ಗಾತ್ರದ ಚಿತ್ರಗಳಿರುತ್ತವೆ: 16, 24, 32, 48, 256 ಹೀಗೆ. 16ರ ಐಕಾನ್‌ಗೆ ಶೇ 150 ಎಂದರೆ 24, ಅದು ಸಿದ್ಧವಾಗಿ ಸಿಗುತ್ತದೆ. ಶೇ 175 ಎಂದರೆ 28. ಆ ಗಾತ್ರದ ಚಿತ್ರ ಸಾಮಾನ್ಯವಾಗಿ ಇರುವುದಿಲ್ಲ, ಬೇರೊಂದನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸಬೇಕು, ಅಂಚು ಕದಡುತ್ತದೆ. ಫೋಟೋ ಥಂಬ್‌ನೇಲ್‌ಗೆ ಈ ಬಾಧೆ ಇಲ್ಲ, ಅದು ದೊಡ್ಡ ಚಿತ್ರದಿಂದ ಇಳಿದು ಬಂದದ್ದು. ಎಡಪಟ್ಟಿಯ ಚೂಪು ನಿಮಗೆ ಮುಖ್ಯವಾದರೆ ಶೇ 150ಕ್ಕೋ 200ಕ್ಕೋ ಹೋಗಿ, ಚಕ್ರದಿಂದ ಉಳಿದದ್ದನ್ನು ಸರಿದೂಗಿಸಿ. ಶೇ 200 ಇಟ್ಟರೆ ಮಾತ್ರ ಜಾಗದ ಲೆಕ್ಕದಲ್ಲಿ ಹಳೆಯ ಫುಲ್ ಎಚ್‌ಡಿ ಪರದೆಯೇ ವಾಪಸ್ ಬಂದಂತೆ.

ತೆರೆದಬಾಗಿಲು

ಅದಕ್ಕೇ ನಮ್ಮ ಕಡೆ ಐಕಾನ್‌ಗಳನ್ನು ಎಸ್‌ವಿಜಿಯಲ್ಲಿ ಬರೆಯುತ್ತಾರೆ. ರೇಖೆಗಳ ವಿವರಣೆ ಮಾತ್ರ ಇರುತ್ತದೆ, ಯಾವ ಗಾತ್ರ ಕೇಳಿದರೂ ಹೊಸದಾಗಿ ಬಿಡಿಸಿಕೊಡುತ್ತದೆ.

ಹಳೆಪರದೆ

@ಚಿತ್ರಸಂಚಿ, ಎರಡನೆಯ ತೊಂದರೆಗೆ ನನ್ನಲ್ಲಿ ಉತ್ತರವಿದೆ. ವಿಂಡೋಸ್ ಪ್ರತಿ ಫೋಲ್ಡರ್ ಅನ್ನೂ ಐದು ಬಗೆಗಳಲ್ಲಿ ಒಂದಕ್ಕೆ ಸೇರಿಸುತ್ತದೆ: ಸಾಮಾನ್ಯ, ದಾಖಲೆ, ಚಿತ್ರ, ಸಂಗೀತ, ವಿಡಿಯೋ. ಒಳಗಿರುವುದನ್ನು ನೋಡಿ ತಾನೇ ಊಹಿಸುತ್ತದೆ. ನೀವು ‘ಫೋಲ್ಡರ್ ಆಪ್ಷನ್ಸ್’ನ ‘ವ್ಯೂ’ ಪುಟದಲ್ಲಿ ‘ಅಪ್ಲೈ ಟು ಫೋಲ್ಡರ್ಸ್’ ಒತ್ತಿದರೆ ಅದೇ ಬಗೆಯ ಫೋಲ್ಡರ್‌ಗಳಿಗೆ ಮಾತ್ರ ತಗಲುತ್ತದೆ. ಫೋಟೋಗಳ ನಡುವೆ ಒಂದಿಷ್ಟು ಪಿಡಿಎಫ್ ಇದ್ದ ಫೋಲ್ಡರ್ ಬೇರೆ ಬಗೆಗೆ ಸೇರಿಬಿಟ್ಟಿದ್ದರೆ ಅದು ಹೊರಗುಳಿಯುತ್ತದೆ.

ಫೋಟೋಗಳೆಲ್ಲ ಇರುವ ಮುಖ್ಯ ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ‘ಕಸ್ಟಮೈಸ್’. ಅಲ್ಲಿ ‘ಪಿಕ್ಚರ್ಸ್’ ಆರಿಸಿ, ಒಳಗಿನ ಉಪಫೋಲ್ಡರ್‌ಗಳಿಗೂ ಅನ್ವಯಿಸುವ ಚೌಕಕ್ಕೆ ಗುರುತು ಹಾಕಿ. ಆಮೇಲೆ ಒಂದು ಫೋಲ್ಡರ್ ತೆರೆದು ಗಾತ್ರ ಹೊಂದಿಸಿ ‘ಅಪ್ಲೈ ಟು ಫೋಲ್ಡರ್ಸ್’ ಒತ್ತಿ. ಈ ಕ್ರಮ ಮುಖ್ಯ. ಹಿಂದುಮುಂದಾದರೆ ಹೊಂದಿಸಿದ್ದು ಅಳಿಸಿಹೋಗುತ್ತದೆ.

ಬೆರಳಚ್ಚು

ಲ್ಯಾಪ್‌ಟಾಪ್‌ಗೆ ಹೊರಗಿನ ಮಾನಿಟರ್ ಜೋಡಿಸುವವರು ಗಮನಿಸಿ: ಎರಡು ಪರದೆಗೂ ಬೇರೆ ಬೇರೆ ಸ್ಕೇಲಿಂಗ್ ಇಡಬಹುದು, ವಿಂಡೋಸ್ 8.1ರಿಂದಲೂ ಆ ಸೌಲಭ್ಯ ಇದೆ. ನನ್ನ ಲ್ಯಾಪ್‌ಟಾಪ್‌ಗೆ 250, ಹೊರಗಿನದಕ್ಕೆ 100. ಫೋಲ್ಡರ್ ಕಿಟಕಿಯನ್ನು ಆಚೆಗೆ ಎಳೆದರೆ ಐಕಾನ್‌ಗಳೂ ಹೊಸ ಅಳತೆಗೆ ಹೊಂದಿಕೊಳ್ಳುತ್ತವೆ. ಹಳೆಯ ತಂತ್ರಾಂಶಗಳು ಮಾತ್ರ ಮಸುಕಾಗುತ್ತವೆ.

ಚಿತ್ರಸಂಚಿ

@ಹಳೆಪರದೆ, ನೀವು ಹೇಳಿದ ಕ್ರಮದಲ್ಲೇ ಮಾಡಿದೆ, ಉಪಫೋಲ್ಡರ್‌ಗಳೆಲ್ಲ ಒಂದೇ ಗಾತ್ರಕ್ಕೆ ಬಂದವು. ಸ್ಕೇಲಿಂಗ್ ಶೇ 150ಕ್ಕೇ ಮರಳಿಸಿ ಅಕ್ಷರದ ಗಾತ್ರವನ್ನು @ಒತ್ತಕ್ಷರ ಅವರಂತೆ ಹೆಚ್ಚಿಸಿದ್ದೇನೆ, ಎಡಪಟ್ಟಿ ಮತ್ತೆ ಚೂಪಾಯಿತು. ನೆಟ್ಟಗಿನ ಚಿತ್ರಗಳ ನಡುವಿನ ಕಂದಕ ಹಾಗೆಯೇ ಇದೆ. ಅವುಗಳನ್ನು ಆರಿಸುವ ಕೆಲಸವನ್ನು ‘ರಿವರ್’ ಜೋಡಣೆಗೆ ಒಪ್ಪಿಸಿದ್ದೇನೆ.

ಪಟ್ಟಿಪ್ರಿಯ

ದಾಖಲೆಗಳ ಫೋಲ್ಡರ್‌ಗಾದರೂ ಡೀಟೇಲ್ಸ್ ಇಡಿ!

ಚಿತ್ರಸಂಚಿ

@ಪಟ್ಟಿಪ್ರಿಯ, ಇಟ್ಟಾಯಿತು, ಕಾಂಪ್ಯಾಕ್ಟ್ ಸಮೇತ.